ಧ್ರುವದ ಹಿಮ ನಮಗ್ಯಾಕೆ ಅಂತೀರಾ? ಕಾರವಾರದ ಸಮುದ್ರದ ತಳ ಕೇಳಿ

1/8
ಈ ಫೋಟೋ ಸದಾಶಿವಗಡದ ಗುಡ್ಡದ ಮೇಲಿಂದ ತೆಗೆದದ್ದು. ಕೆಳಗೆ ಕಾಣೋದು ಕಾಳಿ ಸಮುದ್ರ ಸೇರೋ ಜಾಗ. ಆ ಕಡೆ ಕಾರವಾರ, ದೂರದಲ್ಲಿ ಕೂರ್ಮಗಡ. ನಮ್ಮ ಅಂಬಿಕಾನಗರದವರಿಗೆ ಈ ನೀರು ಹೊಸದಲ್ಲ. ಸೂಪಾದಲ್ಲಿ ನಿಂತು, ಬೊಮ್ಮನಹಳ್ಳಿಗೆ ಬಂದು, ಸುರಂಗ ಹೊಕ್ಕು, ನಾಗಝರಿಯಲ್ಲಿ ಟರ್ಬೈನ್ ತಿರುಗಿಸಿ, ಕೊಡಸಳ್ಳಿ, ಕದ್ರಾ ದಾಟಿ ಇಲ್ಲಿಗೆ ಬಂದು ಮುಟ್ಟೋ ನೀರು ಇದು.

ಇಲ್ಲಿವರೆಗಿನ ಕಥೆ ನಮಗೆಲ್ಲ ಗೊತ್ತು. ಸಮುದ್ರ ಶುರುವಾದ ಕೂಡಲೇ ನಮ್ಮ ಕುತೂಹಲ ನಿಂತುಬಿಡ್ತದೆ. ಮ್ಯಾಪಿನಲ್ಲೂ ಹಾಗೇ. ದಡದವರೆಗೆ ಊರು, ರಸ್ತೆ, ಹಳ್ಳ ಎಲ್ಲ ಇರ್ತವೆ, ಅದರಾಚೆ ಬರೀ ನೀಲಿ ಬಣ್ಣ. ಆ ನೀಲಿ ಕೆಳಗೆ ಗುಡ್ಡ ಇದೆ, ಕಣಿವೆ ಇದೆ, ಹಳೇ ದಡ ಇದೆ. ಅದರಲ್ಲಿ ಬಹಳಷ್ಟನ್ನ ತೀಡಿದ್ದು ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಹಿಮ.

ಈ ವಾರದ ಎಂಟು ಪೋಸ್ಟ್ ಇದರ ಮೇಲೇ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ: ಧ್ರುವದ ಹಿಮನದಿ ಅನ್ನೋದು ಸೈನ್ಸ್ ಹುಡುಗರು ಮಾತ್ರ ಓದೋ ವಿಷಯ ಅಲ್ಲ. ಸಮುದ್ರದ ತಳ ಒಂದು ಹಳೇ ಲೆಡ್ಜರ್. ಲೆಕ್ಕ ಓದೋಕೆ ಕಲೀತಿರೋ ಬಿ.ಕಾಂ.ನವರು ಅದನ್ನ ನೋಡದೇ ಇದ್ರೆ ಇನ್ಯಾರು ನೋಡ್ಬೇಕು?

2/8
ಈ ಫೋಟೋದಲ್ಲಿ ಬೋಟ್ ಹಿಂದೆ ಕಾಣೋ ಗುಡ್ಡವೇ ಕೂರ್ಮಗಡ. ಎಲ್ಲರೂ ದ್ವೀಪ ಅಂತಾರೆ. ಸುಮಾರು 20,000 ವರ್ಷಗಳ ಹಿಂದೆ ಅದು ದ್ವೀಪ ಆಗಿರಲಿಲ್ಲ, ಬಯಲಿನ ಮಧ್ಯೆ ಎದ್ದ ಒಂದು ಗುಡ್ಡ. ನಡ್ಕೊಂಡೇ ಹೋಗಬಹುದಿತ್ತು.

ಹೇಗೆ ಅಂದ್ರೆ, ಅದು ಕೊನೆಯ ಹಿಮಯುಗ ಗಟ್ಟಿಯಾಗಿದ್ದ ಕಾಲ. ಕೆನಡಾ ಹೆಚ್ಚುಕಮ್ಮಿ ಪೂರ್ತಿ, ಉತ್ತರ ಯುರೋಪಿನ ದೊಡ್ಡ ಭಾಗ ಕಿಲೋಮೀಟರ್ ದಪ್ಪದ ಹಿಮದಡಿ ಇದ್ದವು. ಆ ಹಿಮಕ್ಕೆ ನೀರು ಎಲ್ಲಿಂದ ಬಂತು? ಸಮುದ್ರದಿಂದಲೇ. ಆವಿಯಾಗಿ ಹೋದ ನೀರು ಹಿಮವಾಗಿ ಬಿದ್ದು ನೆಲದ ಮೇಲೇ ಉಳೀತು, ವಾಪಸ್ ಬರಲಿಲ್ಲ. ಒಂದು ಖಾತೆಗೆ ಜಮಾ ಆದ್ರೆ ಇನ್ನೊಂದು ಖಾತೆಗೆ ಖರ್ಚು ಬೀಳಲೇಬೇಕಲ್ಲ? ಪ್ರಪಂಚದ ಸಮುದ್ರಗಳ ಮಟ್ಟ ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗೆ ಇಳಿದಿತ್ತು.

ದಡದಿಂದ ಒಳಗೆ ನಿಧಾನವಾಗಿ ಇಳಿಯೋ ತಳಕ್ಕೆ ಕಾಂಟಿನೆಂಟಲ್ ಶೆಲ್ಫ್ ಅಂತಾರೆ. ಕಾರವಾರದ ಎದುರಿನ ಶೆಲ್ಫಿನ ಬಹುಭಾಗ ಆಗ ಒಣ ನೆಲ. ಕಾಳಿ ಸದಾಶಿವಗಡದ ಹತ್ತಿರ ಮುಗೀತಿರಲಿಲ್ಲ, ಆ ಬಯಲಿನ ಮೇಲೆ ಪಶ್ಚಿಮಕ್ಕೆ ಇನ್ನೂ ಹತ್ತಾರು ಕಿಲೋಮೀಟರ್ ಹರೀತಿತ್ತು. ಆಮೇಲೆ ಹಿಮ ಕರಗಿತು, ಸಮುದ್ರ ಏರಿತು, ನದಿಯ ಬಾಯಿ ಮುಳುಗಿತು. ಇವತ್ತು ನಾವು ಅಳಿವೆ ಅಂತ ಕರೆಯೋದು ಆ ಮುಳುಗಿದ ಕಣಿವೆಯನ್ನೇ. ಸೇತುವೆ ಕೆಳಗೆ ನದಿ ಅಷ್ಟು ಅಗಲ ಕಾಣೋದಕ್ಕೂ ಇದೇ ಒಂದು ಮುಖ್ಯ ಕಾರಣ.

ನಮ್ಮ ಪಶ್ಚಿಮ ಕರಾವಳಿಯ ಶೆಲ್ಫಿನ ಹೊರ ಅಂಚಿನಲ್ಲಿ, ಆಳವಿಲ್ಲದ ನೀರಿನಲ್ಲಿ ಮಾತ್ರ ಹುಟ್ಟೋ ಸುಣ್ಣದ ಕಣಗಳು ಇವತ್ತು ತುಂಬಾ ಆಳದಲ್ಲಿ ಸಿಗ್ತವೆ. ಒಂದು ಕಾಲಕ್ಕೆ ದಡ ಅಲ್ಲಿತ್ತು ಅನ್ನೋದಕ್ಕೆ ಅವೇ ಓಚರ್.

ನಮ್ಮ ಕಡೆ ಹಿಮನದಿ ಬಂದೇ ಇಲ್ಲ. ಆದ್ರೂ ನಮ್ಮ ದಡ ಎಲ್ಲಿರಬೇಕು ಅಂತ ತೀರ್ಮಾನ ಮಾಡಿದ್ದು ಹಿಮನೇ.

3/8
ಈ ಫೋಟೋ ನಾಗಝರಿ ಕಣಿವೆ. ಇದನ್ನ ಯಾಕೆ ಹಾಕಿದೆ ಅಂದ್ರೆ, ನೀರು ಕೊರೆಯೋದಕ್ಕೂ ಹಿಮ ಕೊರೆಯೋದಕ್ಕೂ ಇರೋ ವ್ಯತ್ಯಾಸ ಇಲ್ಲಿಂದ ಹೇಳಿದ್ರೆ ಸುಲಭ.

ನಾಗಝರಿಯಲ್ಲಿ ಕರೆಂಟ್ ಆಗೋದೇ ನೀರು ಎತ್ತರದಿಂದ ಬೀಳೋದ್ರಿಂದ. ಕಣಿವೆ ಕೊರೆಯೋ ಶಕ್ತಿಯೂ ಆ ಬೀಳುವಿಕೆಯಿಂದಲೇ ಬರೋದು. ಸಮುದ್ರ ಮಟ್ಟಕ್ಕೆ ಬಂದ ನದಿಗೆ ಇನ್ನು ಬೀಳೋಕೆ ಜಾಗ ಇಲ್ಲ. ಅಲ್ಲಿಗೆ ಅದರ ಕೊರೆಯೋ ಕೆಲಸ ಹೆಚ್ಚುಕಮ್ಮಿ ಮುಗೀತು, ತಂದ ಮಣ್ಣನ್ನ ಸುರಿಯೋದಷ್ಟೇ ಬಾಕಿ.

ಹಿಮನದಿಗೆ ಈ ಕಾನೂನು ಇಲ್ಲ. ಮಂಜುಗಡ್ಡೆ ತೇಲಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನ ಕೆಳಗೇ ಇರ್ತದೆ ಅಂತ ಶಾಲೆಯಲ್ಲಿ ಓದಿದ್ದೀವಿ. ಅಂದ್ರೆ 1,000 ಮೀಟರ್ ದಪ್ಪದ ಹಿಮ 800 ಮೀಟರ್ ಆಳದ ನೀರಿನಲ್ಲಿ ತೇಲೋದೇ ಇಲ್ಲ, ತಳದ ಮೇಲೇ ಕೂತಿರ್ತದೆ. ಕೂತು ಸುಮ್ನಿರೋದೂ ಇಲ್ಲ, ತನ್ನ ಭಾರಕ್ಕೆ ತಾನೇ ಜಾರ್ತಾ ಮುಂದಕ್ಕೆ ಹೋಗ್ತದೆ. ಹೊಟ್ಟೆಗೆ ಅಂಟಿಕೊಂಡ ಕಲ್ಲುಗಳಿಂದ ತಳವನ್ನ ಉಜ್ಜುತ್ತದೆ, ಬಂಡೆ ಕಿತ್ಕೊಳ್ತದೆ. ಹೀಗಾಗಿ ಸಮುದ್ರ ಮಟ್ಟಕ್ಕಿಂತ ನೂರಾರು ಮೀಟರ್ ಕೆಳಗೂ ಅದು ಕೊರೆಯಬಲ್ಲದು.

ನಾರ್ವೆಯ ಸೋಗ್ನೆ ಫ್ಯೋರ್ಡ್ ನೋಡಿ. ಸುಮಾರು 205 ಕಿಲೋಮೀಟರ್ ಉದ್ದ, ಆಳ 1,308 ಮೀಟರ್. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಹನ್ನೆರಡು ಸೂಪಾ ಒಂದರ ಮೇಲೊಂದು ಇಟ್ರೂ ಅದರೊಳಗೆ ಮುಳುಗಿ ಹೋಗ್ತವೆ. ತಮಾಷೆ ಅಂದ್ರೆ ಅದರ ಬಾಯಿಯ ಹತ್ತಿರ ಆಳ ತೀರಾ ಕಮ್ಮಿ. ಬಾವಿಗೆ ಕಟ್ಟೆ ಇದ್ದ ಹಾಗೆ. ಒಳಗೆ ದಪ್ಪ ಇದ್ದ ಹಿಮ ಆಳಕ್ಕೆ ಕೊರೆದು, ಹೊರಗೆ ಬಂದು ತೆಳ್ಳಗಾಗಿ ಶಕ್ತಿ ಕಳ್ಕೊಂಡ ಗುರುತು ಅದು.

ಅಂಟಾರ್ಕ್ಟಿಕಾದ ಸುತ್ತಲಿನ ಶೆಲ್ಫ್ ಇನ್ನೂ ವಿಚಿತ್ರ. ಪ್ರಪಂಚದ ಬೇರೆ ಕಡೆ ಶೆಲ್ಫಿನ ಹೊರ ಅಂಚು ಸುಮಾರು 130 ಮೀಟರ್ ಆಳದಲ್ಲಿ ಇರ್ತದೆ. ಅಲ್ಲಿ ಶೆಲ್ಫ್ ಸರಾಸರಿ 400–500 ಮೀಟರ್ ಆಳ. ಅದೂ ದಡದ ಕಡೆ ಹೋದಂಗೆ ಆಳ ಜಾಸ್ತಿ ಆಗ್ತದೆ. ನಮ್ಮ ಕಾರವಾರದ ತಳಕ್ಕೆ ಪೂರ್ತಿ ಉಲ್ಟಾ. ಹಿಮ ಒತ್ತಿದ್ದು, ಹಿಮ ಕೊರೆದದ್ದು ಎರಡೂ ಸೇರಿ ಹಾಗಾಗಿದೆ. ಈ ಉಲ್ಟಾ ಇಳಿಜಾರನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

4/8
ಇಲ್ಲಿ ಫೋಟೋ ಬದಲು ನಾನೇ ನೋಟ್‌ಬುಕ್‌ನಲ್ಲಿ ಬರೆದ ಚಿತ್ರ ಇದೆ. ಚಿತ್ರಕಲೆಗೆ ಮಾರ್ಕ್ಸ್ ಕೇಳ್ತಿಲ್ಲ, ವಿಷಯ ನೋಡಿ.

ಹಿಮ ಹಿಂದೆ ಸರಿದ ಮೇಲೆ ತಳದಲ್ಲಿ ಏನೇನು ಉಳೀತದೆ? ಒಂದು, ಅಗಲವಾದ ಆಳ ಕಾಲುವೆಗಳು. ಎರಡು, ಹಿಮ ಹರಿದ ದಿಕ್ಕಿನಲ್ಲೇ ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ಎಳೆದ ಸಾಲುಗಳು, ಟ್ರ್ಯಾಕ್ಟರ್ ಹೊಡೆದ ಗದ್ದೆ ತರ. ಮೂರು, ಹಿಮನದಿ ಸ್ವಲ್ಪ ಕಾಲ ನಿಂತ ಕಡೆ ಸುರಿದು ಹೋದ ಕಲ್ಲುಮಣ್ಣಿನ ದಿಣ್ಣೆಗಳು. ನಾಲ್ಕು, ಒಡೆದು ತೇಲಿಹೋದ ದೊಡ್ಡ ಐಸ್‌ಬರ್ಗ್‌ಗಳ ಹೊಟ್ಟೆ ತಳಕ್ಕೆ ತಾಗಿ ಗೀಚಿದ ಅಡ್ಡಾದಿಡ್ಡಿ ಗೆರೆಗಳು.

ಭೂಮಿ ಮೇಲಾದ್ರೆ ಮಳೆ, ಗಾಳಿ, ನಾವು ಎಲ್ಲ ಸೇರಿ ಇವನ್ನ ಅಳಿಸಿಹಾಕ್ತೀವಿ. ಆಳದ ನೀರಿನಲ್ಲಿ ಅಳಿಸೋರು ಕಮ್ಮಿ. ಅದಕ್ಕೇ ಸಾವಿರಾರು ವರ್ಷ ಹಳೇ ಎಂಟ್ರಿ ಹಾಗೇ ಇರ್ತದೆ.

ಅದನ್ನ ಓದೋದು ಶಬ್ದದಿಂದ. ಹಡಗಿನ ತಳದಿಂದ ಬೀಸಣಿಗೆ ಹರಡಿದ ಹಾಗೆ ಶಬ್ದ ಬಿಡ್ತಾರೆ, ಅದು ತಳಕ್ಕೆ ಬಡಿದು ವಾಪಸ್ ಬರೋ ಸಮಯ ಅಳೀತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗ್ತದೆ. 192 ಮೀಟರ್ ಆಳಕ್ಕೆ ಹೋಗಿ ಬರೋಕೆ 384 ಮೀಟರ್, ಅಂದ್ರೆ ಕಾಲು ಸೆಕೆಂಡ್. ಇಷ್ಟೇ ಲೆಕ್ಕ.

192 ಯಾಕೆ ತಗೊಂಡೆ? ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ಹಿಮನದಿಗಳು ಕೊರೆದ ಕಾಂಗ್ಸ್ ಫ್ಯೋರ್ಡ್ ಅನ್ನೋ ಕಡಲ ತೋಳಿದೆ. ಅದರ ದಂಡೆಯ ಊರಿನಲ್ಲಿ ಭಾರತದ ಹಿಮಾದ್ರಿ ಕೇಂದ್ರ 2008ರಿಂದ ಇದೆ. 2014ರ ಜುಲೈನಲ್ಲಿ ಭಾರತದವರು ಆ ಫ್ಯೋರ್ಡ್‌ನಲ್ಲಿ, 192 ಮೀಟರ್ ಆಳದ ಜಾಗದಲ್ಲಿ ಇಂಡ್‌ಆರ್ಕ್ ಅನ್ನೋ ಉಪಕರಣಗಳ ಸರಮಾಲೆ ಇಳಿಬಿಟ್ಟರು. ನೀರಿನ ಉಷ್ಣತೆ, ಉಪ್ಪು, ಹರಿವು ಅಳೆಯೋಕೆ. ಹಿಮ ಕೊರೆದ ಆಳದ ದಾರಿಯಲ್ಲೇ ಇವತ್ತು ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಒಳಗೆ ಬಂದು ಹಿಮನದಿಯ ಬುಡಕ್ಕೆ ತಾಗ್ತದೆ. ತನ್ನ ದಾರಿ ತಾನೇ ಕೊರೆದಿಟ್ಟು, ಅದೇ ದಾರಿಯಿಂದ ಶತ್ರು ಬಂದ ಹಾಗೆ.

5/8
ಈ ಫೋಟೋ ಬೇಸಿಗೆಯ ಸೂಪಾ ಹಿನ್ನೀರು. ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಾಣ್ತಿವೆ ಅಲ್ವಾ? ನೀರು ಇಳೀತಾ ಇಳೀತಾ ನಿಂತ ಜಾಗದಲ್ಲೆಲ್ಲ ಒಂದೊಂದು ಗೆರೆ. ಗೆರೆಗಳ ನಡುವಿನ ಅಂತರ ನೋಡಿ ನೀರು ಬೇಗ ಇಳೀತಾ, ನಿಧಾನ ಇಳೀತಾ ಅಂತ ಹೇಳಬಹುದು.

ಇಂಥದೇ ಗೆರೆಗಳು ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಮುಂದೆ, ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿವೆ. ಥ್ವೇಟ್ಸ್ ಎಷ್ಟು ದೊಡ್ಡದು ಗೊತ್ತಾ? ಸುಮಾರು 1,92,000 ಚದರ ಕಿಲೋಮೀಟರ್. ಕರ್ನಾಟಕ 1,91,791. ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಒಂದು ಹಿಮನದಿ ಅಂತ ಊಹಿಸ್ಕೊಳ್ಳಿ.

2019ರಲ್ಲಿ ರಾನ್ ಅನ್ನೋ ರೋಬೋ ಅದರ ಮುಂದಿನ ತಳಕ್ಕೆ ಇಳಿದು ನಕ್ಷೆ ಮಾಡಿತು. 160ಕ್ಕೂ ಹೆಚ್ಚು ಸಮಾನಾಂತರ ದಿಣ್ಣೆಗಳು. ಹಿಮದ ಅಂಚು ದಿನದ ಉಬ್ಬರ ಇಳಿತಕ್ಕೆ ಮೇಲೆದ್ದು ಕೂತು, ಎದ್ದು ಕೂತು ಹಿಂದೆ ಸರಿಯುವಾಗ ದಿನಕ್ಕೊಂದರಂತೆ ಉಳಿದವು. ಅಕ್ಷರಶಃ ಡೇ ಬುಕ್. 2022ರಲ್ಲಿ ಪ್ರಕಟವಾದ ಲೆಕ್ಕ ಇದು: ಕಳೆದ ಎರಡು ಶತಮಾನದೊಳಗೆ ಯಾವಾಗಲೋ ಒಂದು ಐದೂವರೆ ತಿಂಗಳ ಅವಧಿಯಲ್ಲಿ ಆ ಅಂಚು ವರ್ಷಕ್ಕೆ 2.1 ಕಿಲೋಮೀಟರ್ ಮೀರಿದ ವೇಗದಲ್ಲಿ ಹಿಂದೆ ಓಡಿದೆ. ಈಚೆಗೆ ಉಪಗ್ರಹಗಳು ಅಲ್ಲಿ ಅಳೆದ ವೇಗಕ್ಕಿಂತ ಅದು ಜಾಸ್ತಿ.

2023ರಲ್ಲಿ ನಾರ್ವೆಯ ಎದುರಿನ ತಳದ ಇನ್ನೊಂದು ಲೆಕ್ಕ ಬಂತು. ಅಲ್ಲಿ ಇಂಥ 7,600ಕ್ಕೂ ಹೆಚ್ಚು ದಿಣ್ಣೆ. ಹಿಮಯುಗದ ಕೊನೆಯಲ್ಲಿ ಅಲ್ಲಿನ ಹಿಮದ ಅಂಚು ಕೆಲವು ಸಮತಟ್ಟು ಜಾಗಗಳಲ್ಲಿ ದಿನಕ್ಕೆ 50ರಿಂದ 600 ಮೀಟರ್‌ವರೆಗೆ ಹಿಂದೆ ಸರಿದಿತ್ತು. ವರ್ಷಕ್ಕಲ್ಲ, ದಿನಕ್ಕೆ.

6/8
ಇದು ನಮ್ಮ ಅಕೌಂಟೆನ್ಸಿ ಪುಸ್ತಕದ ಪುಟ. ನಗಬೇಡಿ, ಈ ಸರಣಿಯ ಜೀವ ಇಲ್ಲೇ ಇದೆ.

ಮಷೀನಿನ ಸವಕಳಿ ಬರೆಯುವಾಗ ಸ್ಟ್ರೈಟ್ ಲೈನ್ ಮೆಥಡ್‌ನಲ್ಲಿ ಪ್ರತಿ ವರ್ಷ ಸಮನಾಗಿ ಕಳೀತೀವಿ. ಸಮುದ್ರದ ವಿಷಯದಲ್ಲೂ ಜನ ಹೀಗೇ ಮಾತಾಡ್ತಾರೆ. ವರ್ಷಕ್ಕೆ ಸುಮಾರು 3.7 ಮಿಲಿಮೀಟರ್ ಏರ್ತಿದೆ (2006ರಿಂದ 2018ರ ಸರಾಸರಿ), ಹತ್ತು ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಇಲ್ಲ, ಬಿಡು ಮಾರಾಯ. ಆದ್ರೆ ಸಮುದ್ರದ ತಳದ ಲೆಡ್ಜರ್ ಹೇಳೋದು ಬೇರೆ: ಹಿಮ ಸ್ಟ್ರೈಟ್ ಲೈನ್‌ನಲ್ಲಿ ಹೋಗೋದಿಲ್ಲ. ಒಂದು ದಿಣ್ಣೆಗೆ ಒರಗಿ ವರ್ಷಗಟ್ಟಲೆ ನಿಲ್ತದೆ, ಕೈಬಿಟ್ಟ ಕೂಡಲೇ ಓಡ್ತದೆ. ತಳ ಒಳಗೆ ಹೋದಂಗೆ ಆಳ ಆಗ್ತಾ ಹೋದ್ರೆ ಓಡೋದು ಇನ್ನೂ ಸುಲಭ, ಯಾಕಂದ್ರೆ ಅಂಚು ಹಿಂದೆ ಹೋದಷ್ಟೂ ಹಿಮ ದಪ್ಪ, ಹೊರಗೆ ಹರಿಯೋದೂ ಜಾಸ್ತಿ. ಆ ಉಲ್ಟಾ ಇಳಿಜಾರು ನೆನಪಿದೆಯಾ? ಥ್ವೇಟ್ಸ್ ಕೂತಿರೋದು ಅದರ ಮೇಲೇ.

ಥ್ವೇಟ್ಸ್ ಪೂರ್ತಿ ಹೋದ್ರೆ ಪ್ರಪಂಚದ ಸಮುದ್ರ ಸುಮಾರು 65 ಸೆಂಟಿಮೀಟರ್ ಏರ್ತದೆ. ನಾಳೆ ಬೆಳಿಗ್ಗೆ ಆಗೋದಲ್ಲ, ತುಂಬಾ ಕಾಲ ಹಿಡೀತದೆ. ಐಪಿಸಿಸಿ 2021ರಲ್ಲಿ ಹೇಳಿದ್ದು, 2100ರ ಹೊತ್ತಿಗೆ ಒಟ್ಟು ಏರಿಕೆ ನಾವು ಎಷ್ಟು ಹೊಗೆ ಬಿಡ್ತೀವಿ ಅನ್ನೋದರ ಮೇಲೆ 28 ಸೆಂಟಿಮೀಟರ್‌ನಿಂದ ಒಂದು ಮೀಟರ್‌ವರೆಗೆ. ಹಿಮಹಾಳೆಗಳು ಕೈಕೊಟ್ರೆ ಎರಡು ಮೀಟರ್ ಹತ್ತಿರ ಹೋಗೋದನ್ನೂ ತಳ್ಳಿಹಾಕೋಕೆ ಆಗಲ್ಲ ಅಂತಲೂ ಬರೆದಿದ್ದಾರೆ.

"ಅಂಟಾರ್ಕ್ಟಿಕಾ ಎಲ್ಲಿ, ನಾವೆಲ್ಲಿ" ಅನ್ನೋರಿಗೆ ಒಂದು ಮಾತು. ಅಷ್ಟು ದೊಡ್ಡ ಹಿಮರಾಶಿಗೆ ಗುರುತ್ವ ಇದೆ. ಸುತ್ತಲಿನ ಸಮುದ್ರದ ನೀರನ್ನ ತನ್ನ ಕಡೆ ಎಳ್ಕೊಂಡು ನಿಂತಿರ್ತದೆ. ಹಿಮ ಹೋದ್ರೆ ಆ ಹಿಡಿತ ಸಡಿಲ. ಹತ್ತಿರದಲ್ಲಿ ಸಮುದ್ರ ಇಳೀತದೆ, ದೂರದಲ್ಲಿ ಸರಾಸರಿಗಿಂತ ಜಾಸ್ತಿ ಏರ್ತದೆ. ಗ್ರೀನ್‌ಲ್ಯಾಂಡಿಗೂ ನಾವು ದೂರ, ಅಂಟಾರ್ಕ್ಟಿಕಾಗೂ ದೂರ. ದೂರ ಇದ್ದೀವಿ ಅಂದ್ರೆ ಬಚಾವ್ ಅಂತಲ್ಲ, ಬಿಲ್ ನಮ್ಮ ಹೆಸರಿಗೇ ಬರ್ತದೆ ಅಂತ.

7/8
ಇದು ಜೋಯಿಡಾ ರಸ್ತೆಯಿಂದ ಕಂಡ ಹಿನ್ನೀರು. ಈ ನೀರಿನ ಕೆಳಗೆ ಹಳೇ ಸೂಪಾ ಇದೆ. ಒಂದು ಕಾಲಕ್ಕೆ ತಾಲೂಕಿನ ಹೆಸರೇ ಸೂಪಾ. ಅಣೆಕಟ್ಟು ಬಂದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಮನೆಯವರು ರಾಮನಗರಕ್ಕೆ ಹೋದರು. ನಮ್ಮ ಕಡೆ "ಮುಳುಗಡೆ" ಅನ್ನೋ ಪದಕ್ಕೆ ಅರ್ಥ ಹೇಳಿಕೊಡಬೇಕಿಲ್ಲ.

ಆ ಮುಳುಗಡೆಯಲ್ಲಿ ನೋವು ಇತ್ತು, ಆದ್ರೆ ಒಂದು ಗೆರೆನೂ ಇತ್ತು. ನೀರು ಎಲ್ಲಿವರೆಗೆ ಬರ್ತದೆ ಅಂತ ಮೊದಲೇ ಅಳೆದಿದ್ದರು. ಯಾರ ಮನೆ ಒಳಗೆ, ಯಾರ ಮನೆ ಹೊರಗೆ ಅಂತ ಪಟ್ಟಿ ಇತ್ತು, ಪರಿಹಾರ ಕೇಳೋಕೆ ಎದುರಿಗೆ ಒಂದು ಸರ್ಕಾರ ಇತ್ತು. ಸಮುದ್ರದ ಮುಳುಗಡೆಗೆ ನೋಟಿಸ್ ಕೊಡೋರು ಯಾರು? ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೀತಾರೆ, ಸಾಣಿಕಟ್ಟಾದಲ್ಲಿ ಉಪ್ಪು ತೆಗೀತಾರೆ. ಆ ಬದುಕೆಲ್ಲ ನಿಂತಿರೋದು ಸಮುದ್ರಕ್ಕೂ ನೆಲಕ್ಕೂ ಇರೋ ಅಂಗೈ ಅಗಲದ ವ್ಯತ್ಯಾಸದ ಮೇಲೆ. ಅವರಿಗೆ 28 ಸೆಂಟಿಮೀಟರ್ ಅಂದ್ರೆ ಬರೀ ಅಂಕಿ ಅಲ್ಲ.

ಕೆಲವರು ಕೇಳ್ತಾರೆ: ನಮ್ಮೂರಲ್ಲಿ ಕೆಲಸ ಇಲ್ಲ, ಸಂಜೆ ಆದ್ರೆ ಬಸ್ ಇಲ್ಲ, ನಿಂಗೆ ಹಿಮದ ಚಿಂತೆ? ಪ್ರಶ್ನೆ ನ್ಯಾಯವಾಗೇ ಇದೆ. ನನ್ನ ಉತ್ತರ ಇದು. ಕೆಲಸ ಇಲ್ಲ ಅಂತ ನಾವು ಹೋಗೋದು ಎಲ್ಲಿಗೆ? ಕಾರವಾರ, ಗೋವಾ, ಮಂಗಳೂರು, ಮುಂಬೈ. ಎಲ್ಲ ಸಮುದ್ರದ ದಂಡೆ. ಅಲ್ಲಿ ನಮ್ಮಲ್ಲೇ ಒಬ್ಬರು ಬ್ಯಾಂಕಿನಲ್ಲಿ ಕೂತು 20 ವರ್ಷದ ಮನೆ ಸಾಲ ಮಂಜೂರು ಮಾಡ್ತಾರೆ, ಒಬ್ಬರು ಇನ್ಶೂರೆನ್ಸ್ ಪ್ರೀಮಿಯಂ ಹಾಕ್ತಾರೆ, ಒಬ್ಬರು ಆ ಮನೆ ಕೊಳ್ತಾರೆ. ಆ ಮನೆಯ ಆಯಸ್ಸು 60 ವರ್ಷ ಅಂದ್ರೆ 2085 ದಾಟ್ತದೆ. ಪ್ರೂಡೆನ್ಸ್ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ವಲ್ಲ: ಲಾಭ ಕೈಗೆ ಬಂದ ಮೇಲೆ ಬರಿ, ನಷ್ಟ ಆಗೋ ಸೂಚನೆ ಇದ್ದಾಗಲೇ ಪ್ರಾವಿಷನ್ ಇಡು. ಸೂಚನೆ ಸಮುದ್ರದ ತಳದಲ್ಲಿ ಗೆರೆ ಗೆರೆಯಾಗಿ ಇದೆ. ಪ್ರಾವಿಷನ್ ಮಾತ್ರ ಎಲ್ಲೂ ಕಾಣ್ತಿಲ್ಲ.

8/8
ಕೊನೆ ಫೋಟೋ ಲೋಂಡಾ ಸ್ಟೇಷನ್. ಇಲ್ಲಿ ರೈಲು ಹತ್ತಿದ್ರೆ ಕ್ಯಾಸಲ್‌ರಾಕ್ ಘಟ್ಟ ಇಳಿದು ವಾಸ್ಕೋ. ಅಲ್ಲಿ ಬೀಚ್ ಮಾತ್ರ ಇರೋದಲ್ಲ. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರೋದೂ ವಾಸ್ಕೋದಲ್ಲೇ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ಕೇಂದ್ರಗಳನ್ನ, ಉತ್ತರದ ಹಿಮಾದ್ರಿಯನ್ನ ನಡೆಸೋದು ಇಲ್ಲಿಂದ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ, ಎಸ್.ಝಡ್. ಖಾಸಿಂ ಅವರ ನೇತೃತ್ವದಲ್ಲಿ, 1981ರ ಡಿಸೆಂಬರ್ 6ರಂದು ಹೊರಟಿದ್ದೂ ಗೋವಾದಿಂದಲೇ. ಅಂದ್ರೆ ದೇಶದಲ್ಲಿ ಧ್ರುವಕ್ಕೆ ಹತ್ತಿರದ ಬಾಗಿಲು ಯಾವುದು ಅಂದ್ರೆ, ಅದು ನಮ್ಮ ಪಕ್ಕದ ಮನೆಯದು.

ಹಾಗಾಗಿ ನನ್ನದು ಮೂರು ಬೇಡಿಕೆ.

ಒಂದು, ಕಾಲೇಜ್ ಟ್ರಿಪ್ ಗೋವಾಕ್ಕೆ ಅಂದ್ರೆ ಅದರಲ್ಲಿ ಅರ್ಧ ದಿನ ಈ ಕೇಂದ್ರಕ್ಕೂ ಇರಲಿ. ಮೊದಲೇ ಪತ್ರ ಬರೆದು ಅನುಮತಿ ಕೇಳೋಣ. ಕಾಮರ್ಸ್ ವಿಭಾಗದಿಂದಲೇ ಪತ್ರ ಹೋಗಲಿ. ಪತ್ರದ ಕರಡು ನಾನು ಬರೀತೀನಿ, ಸಹಿ ಹಾಕೋರು ಮೆಸೇಜ್ ಮಾಡಿ.

ಎರಡು, ಈ ವಿಷಯ ಕನ್ನಡದಲ್ಲಿ ಬರಲಿ. ಫ್ಯೋರ್ಡ್, ಶೆಲ್ಫ್ ಅಂತ ಕನ್ನಡ ಅಕ್ಷರದಲ್ಲಿ ಬರೆದ್ರೂ ಅಡ್ಡಿಯಿಲ್ಲ. ಮೀನುಗಾರರಿಗೆ, ಗಜನಿ ರೈತರಿಗೆ ಅರ್ಥ ಆಗೋ ಹಾಗೆ ಬರಬೇಕು. ತಳದ ವಿಷಯ ನಮಗಿಂತ ಅವರಿಗೇ ಜಾಸ್ತಿ ಗೊತ್ತಿರ್ತದೆ. ಬಲೆ ಎಲ್ಲಿ ಕಲ್ಲಿಗೆ ಸಿಕ್ಕಿ ಹರೀತದೆ ಅಂತ ಗೊತ್ತಿರೋರು ಅವರೇ ತಾನೇ.

ಮೂರು, ತಳದ ಸರ್ವೆಗೆ ಹಾಕೋ ದುಡ್ಡನ್ನ ದಂಡ ಅನ್ನೋದು ಬಿಡೋಣ. ಪ್ರಪಂಚದ ಸಮುದ್ರದ ತಳ ಪೂರ್ತಿ ಅಳೀಬೇಕು ಅಂತ 2017ರಲ್ಲಿ ಸೀಬೆಡ್ 2030 ಅನ್ನೋ ಯೋಜನೆ ಶುರುವಾಯ್ತು. ಇಲ್ಲಿವರೆಗೆ ಸರಿಯಾಗಿ ಅಳೆದಿದ್ದು ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾಲ್ಕು ಪುಟದಲ್ಲಿ ಒಂದೇ ಪುಟ ಓದಿದ ಆಡಿಟರ್ ಸಹಿ ಹಾಕಬಹುದಾ? ಹಾಕಿದ್ರೆ ನೀವು ಆ ಕಂಪನಿ ಷೇರು ಕೊಳ್ತೀರಾ?

ಒಪ್ಪದೇ ಇರೋರು ಕಾಮೆಂಟ್‌ನಲ್ಲಿ ಜಗಳ ಆಡಿ, ಪರವಾಗಿಲ್ಲ. ಒಪ್ಪಿದೋರು ಕಾರವಾರ ಕಡೆ ಇರೋ ಒಬ್ಬ ನೆಂಟರಿಗಾದ್ರೂ ಇದನ್ನ ಕಳಿಸಿ. ಟ್ರಿಪ್ ಪಟ್ಟಿ ಸೋಮವಾರ ಫೈನಲ್ ಆಗ್ತದೆ, ಅಷ್ಟರೊಳಗೆ ಹೆಸರು ಕೊಡಿ.

#ಅಂಬಿಕಾನಗರ #ಕಾಳಿ #ಸೂಪಾ #ಕಾರವಾರ #ಹಿಮನದಿ #ಸಮುದ್ರದತಳ #ಬಿಕಾಂಹುಡುಗರು